ಗಲ್ಫಿಗೆ ಹೊರಟಿರುವ ಕೊಡಗಿನವರಿಗೆ, ನೀರಿನ ವಿಷಯ

ಕಕ್ಕಡ ತಿಂಗಳು, ನಮ್ಮಲ್ಲಿ ಜೋರು ಮಳೆಯ ಕಾಲ. ಸೋಮವಾರಪೇಟೆ ಕಡೆಯ ನಮ್ಮ ಮನೆಯಲ್ಲಿ ಕರೆಂಟು ಹೋಗಿ ಎರಡು ದಿನವಾಗಿದೆ. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ಎದುರು ಕುಳಿತವರ ಮಾತೂ ಕೇಳಿಸುತ್ತಿಲ್ಲ. ಇಂಥ ಹೊತ್ತಿನಲ್ಲಿ ನೀರು ಕುಡಿಯುವುದು ಹೇಗೆಂದು ಬರೆಯಲು ಕುಳಿತಿದ್ದೇನೆ ಎಂದರೆ ಅಮ್ಮನಿಗೆ ನಗು.

ನಾನು ರಜೆಗೆ ಬಂದ ಸುದ್ದಿ ತಿಳಿದರೆ ಹೊರದೇಶಕ್ಕೆ ಹೊರಟ ಹುಡುಗರು ಮನೆಗೆ ಬರುತ್ತಾರೆ. ಈ ಸಲ ಮೂವರು ಬಂದಿದ್ದರು. ರೂಮಿನಲ್ಲಿ ಎಷ್ಟು ಜನ, ಕಣ್ಣೂರಿನಿಂದ ಹೋಗುವುದೋ ಮಂಗಳೂರಿನಿಂದಲೋ, ಹಂದಿ ಉಪ್ಪಿನಕಾಯಿ ಒಯ್ಯಬಹುದೇ (ಬೇಡ, ಸುಮ್ಮನೆ ತೊಂದರೆ) ಎಂದೆಲ್ಲ ಕೇಳಿದರು. ನೀರಿನ ಬಗ್ಗೆ ಒಬ್ಬನೂ ಕೇಳಲಿಲ್ಲ. 2007ರಲ್ಲಿ ನಾನೂ ಕೇಳಿರಲಿಲ್ಲ. ಕಾಗದಪತ್ರಗಳ ಚಿಂತೆ ಬಿಡಿ: ವೈದ್ಯಕೀಯ ತಪಾಸಣೆ, ವೀಸಾ, ಗುರುತಿನ ಚೀಟಿ, ವಿಮೆ ಎಲ್ಲವನ್ನೂ ಕಂಪನಿಯವರು ಮಾಡಿಸುತ್ತಾರೆ. ವಿಮೆ ಕಾರ್ಡಿನ ಎರಡೂ ಬದಿಯ ಫೋಟೊ ಮೊಬೈಲಿನಲ್ಲಿರಲಿ. ಅಷ್ಟು ಸಾಕು.

ನಮ್ಮ ಕಷ್ಟವೇ ಬೇರೆ. ಕೊಡಗಿನವರು ನೀರನ್ನು ತಡೆಯಲು ಕಲಿತವರು, ಕುಡಿಯಲು ಕಲಿತವರಲ್ಲ. ಕೊಡೆ, ಗೊರಗ (ಎಲೆಯ ಮಳೆಹೊದಿಕೆ), ಅಟ್ಟದ ಮೇಲೆ ಒಣಗಿಸಿದ ಸೌದೆ, ಅಂಗಳದ ನೀರು ಹೋಗಲು ಚರಂಡಿ. ವರ್ಷದ ನಾಲ್ಕು ತಿಂಗಳು ನೀರಿನಿಂದ ತಪ್ಪಿಸಿಕೊಳ್ಳುವುದೇ ಕೆಲಸ. ಕುಡಿಯುವುದೆಂದರೆ ಬೆಳಿಗ್ಗೆ ಬೆಲ್ಲದ ಕಾಫಿ, ಹತ್ತು ಗಂಟೆಗೆ ಇನ್ನೊಂದು ಲೋಟ, ಊಟಕ್ಕೆ ಸಾರು, ಮಜ್ಜಿಗೆ, ಕೊನೆಯಲ್ಲಿ ಜೀರಿಗೆ ಹಾಕಿ ಕುದಿಸಿದ ಬಿಸಿನೀರು ಅರ್ಧ ಲೋಟ. ಅನ್ನ, ಗಂಜಿಯೊಳಗೆ ಬಂದ ನೀರಿಗೆ ಲೆಕ್ಕವೇ ಇಲ್ಲ. ಬಾಯಾರಿಕೆ ಎಂಬುದನ್ನು ನಾನು ನಿಜವಾಗಿ ಅನುಭವಿಸಿದ್ದು ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ, ಅಬುಧಾಬಿಯ ಒಳನಾಡಿನ ಒಂದು ಕಟ್ಟಡದ ಸೈಟಿನಲ್ಲಿ. ಆಗಲೂ ಗುರುತು ಹಿಡಿಯಲಿಲ್ಲ.

ಜುಲೈ ತಿಂಗಳು. ಉಗ್ರಾಣದ ಲೆಕ್ಕ ಬರೆಯುವ ಕೆಲಸ ನನ್ನದು, ಅರ್ಧ ದಿನ ಬಿಸಿಲಿನಲ್ಲಿ ಕಬ್ಬಿಣ ಎಣಿಸುವುದೂ ಅದರಲ್ಲಿ ಸೇರಿತ್ತು. ಶೌಚಾಲಯ ಸೈಟಿನ ಇನ್ನೊಂದು ತುದಿಯಲ್ಲಿ. ಪದೇ ಪದೇ ಹೋದರೆ ಹೊಸಬ ಸೋಮಾರಿ ಎಂದಾರು ಎಂದು ನೀರನ್ನೇ ಬಿಟ್ಟೆ. ಅಂಗಿ ಒಣಗಿಯೇ ಇತ್ತು, ಹಾಗಾಗಿ ಬೆವರುತ್ತಿಲ್ಲ ಎಂದುಕೊಂಡೆ. ಒಣ ಗಾಳಿಯಲ್ಲಿ ಬೆವರು ಮೈಮೇಲೆ ನಿಲ್ಲುವುದೇ ಇಲ್ಲ, ಬಂದ ಕೂಡಲೇ ಆರಿ ಹೋಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ಸಂಜೆ ಅಂಗಿ ಬಿಚ್ಚಿದರೆ ಬೆನ್ನಿನ ಮೇಲೆ ಉಪ್ಪಿನ ಬಿಳಿ ನಕ್ಷೆ. ಅದನ್ನು ನೋಡಿ ಸುಣ್ಣ ತಾಗಿದೆ ಎಂದು ಭಾವಿಸಿದ ಬುದ್ಧಿವಂತ ನಾನು! ನಾಲ್ಕನೆಯ ದಿನ ಹನ್ನೊಂದು ಗಂಟೆಗೆ ತಲೆ ಸಿಡಿಯಿತು, ಕಾಲಿನ ಮೀನಖಂಡ ಹಿಡಿಯಿತು, ಬಿದ್ದೆ. ಪಠಾಣ ಚಾಲಕನೊಬ್ಬ ನೆರಳಿಗೆ ಎಳೆದು, ಗುಂಡಿ ಬಿಚ್ಚಿ, ಮೈಮೇಲೆ ನೀರು ಸುರಿದು ರಟ್ಟಿನಿಂದ ಗಾಳಿ ಬೀಸಿದ. ಮಲೆನಾಡಿನ ಮೈ, ಗಟ್ಟಿ ಎಂಬ ಜಂಬ ಅಲ್ಲಿಗೆ ಇಳಿಯಿತು.

ಮೈ ಬಿಸಿಲಿಗೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಅಷ್ಟರಲ್ಲಿ ಬೆವರು ಬೇಗ ಬರಲು, ಹೆಚ್ಚು ಬರಲು, ಅದರಲ್ಲಿ ಉಪ್ಪು ಕಡಿಮೆ ಹೋಗಲು ದೇಹವೇ ಕಲಿಯುತ್ತದೆ. ಅದಕ್ಕೇ ಹೊಸಬನಿಗೆ ಮೊದಲ ದಿನ ಬಿಸಿಲಿನಲ್ಲಿ ಶೇಕಡ 20ರಷ್ಟು ಕೆಲಸ ಕೊಟ್ಟು ದಿನಕ್ಕೆ ಅಷ್ಟಷ್ಟೇ ಏರಿಸಬೇಕು ಎಂಬ ನಿಯಮವನ್ನು ಕಾರ್ಮಿಕ ಸುರಕ್ಷತೆಯವರು ಹೇಳುತ್ತಾರೆ. ಬಿಸಿಲಿಗೆ ಸಿಕ್ಕಿ ಸತ್ತ ಕೆಲಸಗಾರರಲ್ಲಿ ಹೆಚ್ಚಿನವರು ಮೊದಲ ವಾರದವರೇ. ಎಮಿರೇಟ್ಸಿನಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯ ತನಕ ನೇರ ಬಿಸಿಲಿನ ಕೆಲಸಕ್ಕೆ ನಿಷೇಧವಿದೆ. ನಾನು ಬಿದ್ದದ್ದು ಹನ್ನೊಂದಕ್ಕೆ. ಕಾನೂನು ನಿಮ್ಮ ಬದಲು ನೀರು ಕುಡಿಯುವುದಿಲ್ಲ. ಬಾಯಾರಿಕೆ ಬರಲಿ ಬಿಡಲಿ, ಬಿಸಿಲಿನಲ್ಲಿ ಇರುವಷ್ಟು ಹೊತ್ತು ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ, ಸುಮಾರು 240 ಮಿಲಿಲೀಟರ್. ಮಾತು ತೊದಲಿದರೆ, ಎಲ್ಲಿದ್ದೇನೆಂದು ತಿಳಿಯದಿದ್ದರೆ, ಮೈ ಕೆಂಡವಾದರೆ ಅದು ಬರೀ ಸುಸ್ತಲ್ಲ. ಅಂಥವರ ಬಾಯಿಗೆ ನೀರು ಸುರಿಯಬೇಡಿ. ಮೈ ತಂಪು ಮಾಡುತ್ತ ಆಂಬುಲೆನ್ಸಿಗೆ, ಎಮಿರೇಟ್ಸಿನಲ್ಲಾದರೆ 998ಕ್ಕೆ, ಕರೆ ಮಾಡಿ.

ಬಿದ್ದು ಬುದ್ಧಿ ಬಂದ ಮೇಲೆ ಎರಡನೆಯ ತಪ್ಪು ಮಾಡಿದೆ. ಹಟ ಹಿಡಿದು ಬರೀ ನೀರು ಕುಡಿಯತೊಡಗಿದೆ, ಗಂಟೆಗೆ ಎರಡು ಲೀಟರ್ ಕುಡಿದದ್ದೂ ಉಂಟು. ಊಟ ಸೇರುತ್ತಿರಲಿಲ್ಲ, ಒಣ ಖುಬ್ಬೂಸ್ (ಅರಬರ ರೊಟ್ಟಿ) ಒಂದೆರಡು ತುಂಡು ಅಷ್ಟೇ. ಒಂದು ದಿನ ಬೆರಳುಗಳು ಊದಿ ಉಂಗುರ ಬಿಗಿಯಿತು, ವಾಂತಿ, ತಲೆಯಲ್ಲಿ ಮಂಪರು. ಚಿಕಿತ್ಸಾಲಯದ ಮಲಯಾಳಿ ನರ್ಸ್ ರಕ್ತದಲ್ಲಿ ಸೋಡಿಯಂ ಇಳಿದಿದೆ ಎಂದು ಹೇಳಿ, "ಗಂಜಿ ಕುಡಿಯುವ ನಾಡಿನವನಲ್ಲವೇ ನೀನು? ಅದರಲ್ಲಿ ಉಪ್ಪು ಯಾಕೆ ಹಾಕುತ್ತಾರೆಂದು ಗೊತ್ತಿಲ್ಲವೇ?" ಎಂದು ಬೈದರು. ಗಂಟೆಗೆ ಸುಮಾರು 1.4 ಲೀಟರ್ ದಾಟಬೇಡಿ, ಹೊತ್ತಿಗೆ ಸರಿಯಾಗಿ ಊಟ ಬಿಡಬೇಡಿ. ಅಲ್ಲಿನ ಅಂಗಡಿಗಳಲ್ಲಿ ಲಬನ್ ಎಂದು ಸಿಗುತ್ತದೆ, ನಮ್ಮ ಮಜ್ಜಿಗೆಯ ದೂರದ ನೆಂಟ. ಚಿಟಿಕೆ ಉಪ್ಪು ಹಾಕಿ ಕುಡಿದರೆ ಹತ್ತಿರದ ನೆಂಟನೇ ಆಗುತ್ತದೆ.

ನೀರು ಸಾಕಾಯಿತೋ ಇಲ್ಲವೋ ತಿಳಿಯಲು ನಮಗೆ ಊರಿನಲ್ಲೇ ಪಾಠವಾಗಿದೆ. ಕಕ್ಕಡ 18ಕ್ಕೆ ಮದ್ದು ಸೊಪ್ಪಿನ ಪಾಯಸ ತಿಂದು, ಮರುದಿನ ಮೂತ್ರ ಕೆಂಪಗೆ ಹೋಯಿತೇ ಎಂದು ನೋಡಿ, ಮದ್ದು ಮೈಗೆ ಹಿಡಿಯಿತೆಂದು ಮನೆಮಂದಿಯೆಲ್ಲ ನಾಚಿಕೆಯಿಲ್ಲದೆ ಮಾತಾಡಿಕೊಳ್ಳುವವರು ನಾವು. ಇಲ್ಲಿ ವರ್ಷಕ್ಕೊಮ್ಮೆ ನೋಡುವುದನ್ನು ಅಲ್ಲಿ ದಿನಾ ನೋಡಿ. ಒಣಹುಲ್ಲಿನ ತಿಳಿ ಬಣ್ಣವಾದರೆ ಸರಿ. ಕಡು ಹಳದಿಯಾದರೆ ನೀರು ಸಾಲದು. ಬೆಲ್ಲದ ಕಾಫಿಯ ಬಣ್ಣಕ್ಕೆ ತಿರುಗಿದರೆ ಅದೇ ದಿನ ವೈದ್ಯರ ಬಳಿಗೆ ಹೋಗಿ, ಅತಿ ಬಿಸಿಲಿನ ದುಡಿಮೆಯಲ್ಲಿ ಸ್ನಾಯು ಹಾಳಾದಾಗಲೂ ಹಾಗಾಗುತ್ತದೆ. ಬಿ ವಿಟಮಿನ್ ಮಾತ್ರೆ ನುಂಗಿ ಹೊಳೆಯುವ ಹಳದಿ ಕಂಡರೆ ಹೆದರಬೇಡಿ.

ಮೂರನೆಯ ತಪ್ಪನ್ನು ಹೇಳಲು ಈಗಲೂ ಮುಜುಗರ. ಮಗಳಿಗೆ ಎರಡು ವರ್ಷ, ರಾತ್ರಿಯಿಡೀ ವಾಂತಿ, ಭೇದಿ. ಓಆರ್‌ಎಸ್ ಪೊಟ್ಟಣ (ಭೇದಿಯಾದಾಗ ನೀರಿಗೆ ಬೆರೆಸಿ ಕುಡಿಸುವ ಉಪ್ಪು ಸಕ್ಕರೆಯ ಪುಡಿ) ತಂದೆ. ಒಂದು ಲೀಟರಿಗೆ ಬೆರೆಸಬೇಕಾದದ್ದನ್ನು ಒಂದೇ ಲೋಟಕ್ಕೆ ಬೆರೆಸಿದೆ, ಕಾಫಿ ಗಟ್ಟಿಯಾದಷ್ಟೂ ಒಳ್ಳೆಯದು ಎಂಬ ನಮ್ಮ ಮನೆಯ ನ್ಯಾಯದಿಂದ! ಹಾಗೆ ಮಾಡಿದರೆ ಉಪ್ಪು ಏರಿ ಮಗುವಿಗೆ ಅಪಾಯ. ಅದೃಷ್ಟಕ್ಕೆ ಅವಳು ಎರಡು ಚಮಚ ಕುಡಿದು ಉಗುಳಿದಳು. ಆ ಪುಡಿಯಲ್ಲಿರುವುದು ಬರೀ ಶಕ್ತಿಯಲ್ಲ, ಅಳತೆ. ಕರುಳಿನಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೋಡಿಯಾಗಿಯೇ ಒಳಗೆ ಹೋಗುತ್ತವೆ, ನೀರು ಅವುಗಳ ಹಿಂದೆ ಹೋಗುತ್ತದೆ. ಜೋಡಿ ತಪ್ಪಿ ಸಕ್ಕರೆ ಹೆಚ್ಚಾದರೆ ಭೇದಿಯೂ ಹೆಚ್ಚುತ್ತದೆ. ಅದಕ್ಕೇ ತಂಪು ಪಾನೀಯ, ಡಬ್ಬಿಯ ಹಣ್ಣಿನ ರಸ ಕೊಡಬಾರದು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ಎಂಬಲ್ಲಿನ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ, ರಕ್ತನಾಳಕ್ಕೆ ಕೊಡುವ ದ್ರವ ಮುಗಿದುಹೋದಾಗ ಡಾ. ದಿಲೀಪ್ ಮಹಲನಬಿಸ್ ಇದೇ ಉಪ್ಪು ಸಕ್ಕರೆಯ ನೀರನ್ನು ಡ್ರಮ್ಮುಗಳಲ್ಲಿ ಕಲಸಿ ಕುಡಿಸಿದ್ದರು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಮತ್ತೆ ಚಮಚದಲ್ಲಿ ನಿಧಾನವಾಗಿ ಕೊಡಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಗೆ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200. ಆರು ತಿಂಗಳೊಳಗಿನ ಕೂಸಿಗೆ ಎದೆಹಾಲನ್ನು ಪದೇ ಪದೇ ಕೊಡಿ, ಸೆಖೆಯೆಂದು ನೀರು ಕುಡಿಸಬೇಡಿ. ಕಣ್ಣು ಗುಳಿ ಬಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಆರೆಂಟು ಗಂಟೆ ಮೂತ್ರವಿಲ್ಲದಿದ್ದರೆ, ಮಗು ಮಂಕಾದರೆ ಅಜ್ಜಿಗೆ ಫೋನ್ ಮಾಡಿ ಕೇಳುತ್ತ ಕೂರದೆ ಆಸ್ಪತ್ರೆಗೆ ಓಡಿ. ನಾನು ಫೋನ್ ಮಾಡುತ್ತ ಕುಳಿತಿದ್ದೆ.

ಅದೇ ಮಗಳು ಈಗ ಹೈಸ್ಕೂಲಿನಲ್ಲಿದ್ದಾಳೆ. ನೀರಿನ ಬಾಟಲಿ ಅವಳ ದೇಹದ ಇನ್ನೊಂದು ಅಂಗ. ಈ ರಜೆಯಲ್ಲಿ ಬಂದಿಳಿದ ದಿನ ಅಮ್ಮ ಹಿತ್ತಾಳೆ ಚೊಂಬಿನಲ್ಲಿ ನೀರು ತಂದು ಮುಂದೆ ಹಿಡಿದರು. ಅವಳು ಚೀಲದಿಂದ ಬಾಟಲಿ ತೆಗೆದು, "ಅಜ್ಜಿ, ನನ್ನ ಹತ್ತಿರ ಇದೆ" ಎಂದಳು. ಬಂದವರಿಗೆ ಮೊದಲು ನೀರು ಕೊಡುವ ಮನೆಯಲ್ಲಿ ಅದು ಎಂಥ ಮಾತೆಂದು ಅವಳಿಗೆ ತಿಳಿಯದು. ಮದುಮಗಳು ಬಾವಿಯಿಂದ ನೀರು ತಂದು ಒಳಗಿಟ್ಟ ಮೇಲೆಯೇ ಈ ಮನೆಯವಳಾದಳು ಎನ್ನುವ ಸೀಮೆ ಇದು. ಅಮ್ಮ ಏನೂ ಹೇಳದೆ ಚೊಂಬನ್ನು ಒಳಗೊಯ್ದರು. ಗುಡ್ಡದ ಒರತೆಯಿಂದ ಪೈಪಿನಲ್ಲಿ ಬರುವ ಆ ನೀರು ಶೋಧಿಸಿದ್ದೇ ಎಂದು ಮಗಳು ಕೇಳಿದಾಗ ನನಗೆ ಸಿಟ್ಟು ಬಂತು. ಆದರೆ ಮಳೆಗಾಲದ ಕದಡಿದ ಒರತೆ ನೀರನ್ನು ಕುದಿಸದೆ ಕುಡಿಯಬಾರದು ಎಂದು ನಾನೂ ಅಡುಗೆಮನೆಗೆ ಹೋಗಿ ಗುಟ್ಟಾಗಿ ಹೇಳಿ ಬಂದೆ. "ಯಾವ ಕಾಲಕ್ಕೆ ನಾನು ಕುದಿಸದ ನೀರು ಕೊಟ್ಟಿದ್ದೇನೆ?" ಎಂದರು ಅಮ್ಮ.

ಇನ್ನು ಅಪ್ಪನ ವಿಷಯ. ಹೊರದೇಶದಲ್ಲಿರುವವರೆಲ್ಲ ಫೋನಿನ ವೈದ್ಯರು, ನಾನು ಅವರಲ್ಲಿ ಹಿರಿಯ. ಬಿಸಿಲಿನಲ್ಲಿ ಕಲಿತ ಪಾಠವನ್ನು ಅಪ್ಪನ ಮೇಲೆ ಹೇರಿದೆ. ವೀಡಿಯೊ ಕರೆ ಮಾಡಿದಾಗಲೆಲ್ಲ "ಮೂರು ಲೀಟರ್ ಕುಡಿಯಿರಿ ಅಪ್ಪ" ಎನ್ನುತ್ತಿದ್ದೆ. ಹೃದಯ ಸೋತಿದೆ, ದಿನಕ್ಕೆ ಒಂದೂವರೆ ಲೀಟರ್ ದಾಟಬಾರದು ಎಂದು ಅವರ ವೈದ್ಯರು ಹೇಳಿದ್ದರು. ಅದು ನನಗೆ ಗೊತ್ತಿರಲಿಲ್ಲ, ನಾನು ಕೇಳಲೂ ಇಲ್ಲ. ಅಪ್ಪ ವೈದ್ಯರ ಮಾತು ಬಿಟ್ಟು ನನ್ನ ಮಾತು ಕೇಳಿದರು. ಬದುಕಿನಲ್ಲಿ ಬಹುಶಃ ಅದೊಂದೇ ಸಲ. ಎರಡು ವಾರದಲ್ಲಿ ಕಾಲು ಊದಿ, ಮಲಗಿದರೆ ಉಸಿರು ಕಟ್ಟಿ, ರಾತ್ರಿ ಕುರ್ಚಿಯಲ್ಲಿ ಕುಳಿತೇ ಕಳೆಯುವಂತಾಯಿತು. ಹೃದಯ, ಮೂತ್ರಪಿಂಡ, ಯಕೃತ್ತಿನ ಕಾಯಿಲೆಯವರಿಗೆ, ನೀರು ಇಳಿಸುವ ಮಾತ್ರೆ ನುಂಗುವವರಿಗೆ ಎಷ್ಟು ನೀರು ಎಂಬುದನ್ನು ಅವರ ವೈದ್ಯರೇ ಹೇಳಬೇಕು. ಬೆಳಿಗ್ಗೆ ತೂಕ ನೋಡಲು ಹೇಳಿ, ಮೂರು ನಾಲ್ಕು ದಿನದಲ್ಲಿ ಎರಡು ಕಿಲೋ ಏರಿದರೆ ತಡಮಾಡಬಾರದು. ಬೇರೆ ಮುದುಕರ ಸಂಗತಿ ತಿರುಗಾ ಮುರುಗಾ: ವಯಸ್ಸಾದಂತೆ ಬಾಯಾರಿಕೆ ಮಂದವಾಗುತ್ತದೆ, ಜ್ವರ ಬಂದರೂ ನೀರು ಕೇಳುವುದಿಲ್ಲ. ಅವರಿಗೆ ನಾವೇ ನೆನಪಿಸಬೇಕು.

ಅಪ್ಪನ ಕೊನೆಯ ವಾರದಲ್ಲಿ ನಾನು ಫೋನಿನಲ್ಲಿ ಡ್ರಿಪ್ ಹಾಕಿಸಿ ಎಂದು ಕೂಗಾಡಿದೆ. ನುಂಗಲು ಆಗುತ್ತಿಲ್ಲ, ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ, ದೇಹ ಈಗ ನೀರು ಕೇಳುತ್ತಿಲ್ಲ, ಡ್ರಿಪ್ ಹಾಕಿದರೆ ಊತವೇ ಹೆಚ್ಚುತ್ತದೆ, ಬಾಯಿ ಒದ್ದೆಯಾಗಿರಲಿ ಸಾಕು ಎಂದು ವೈದ್ಯರು ಅಮ್ಮನಿಗೆ ಸಮಾಧಾನವಾಗಿ ತಿಳಿಸಿದ್ದರು. ಅಮ್ಮ ಹತ್ತಿಯನ್ನು ಅದ್ದಿ ತುಟಿ ಒರೆಸುತ್ತಿದ್ದರು. ಕೊನೆಯ ದಿನ ತಲಕಾವೇರಿಯ ತೀರ್ಥ ಮುಟ್ಟಿಸಿದರಂತೆ. ನಾನು ಮರುದಿನ ಸಂಜೆ ಬಂದು ಮುಟ್ಟಿದೆ.

ತುಲಾ ಸಂಕ್ರಮಣದಲ್ಲಿ ತಂದ ತೀರ್ಥದ ಸೀಸೆಯೊಂದನ್ನು ನಾನೂ ಮೊದಲ ಸಲ ಹೋಗುವಾಗ ಒಯ್ದಿದ್ದೆ. ರೂಮಿನ ಫ್ರಿಜ್‌ನಲ್ಲಿ ಇಟ್ಟಿದ್ದನ್ನು ಬಿಹಾರದ ಗೆಳೆಯನೊಬ್ಬ ಕೆಲಸದಿಂದ ಬಂದು ಗಟಗಟ ಕುಡಿದ. ಅವನಿಗೆ ಬಾಯಾರಿತ್ತು, ಅದು ನೀರು. ಜಗಳವಾಡಿದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ಮೊನ್ನೆ ಬಂದ ಮೂವರಲ್ಲಿ ಕಿರಿಯವನು ಹೊರಡುವಾಗ ಬಾಗಿಲಲ್ಲಿ ನಿಂತು, "ಅಣ್ಣ, ಅಮ್ಮ ತೀರ್ಥದ ಬಾಟಲಿ ಕೊಡುತ್ತಾರೆ, ಒಯ್ಯಬಹುದೇ?" ಎಂದು ಕೇಳಿದ. ಒಯ್ಯಬಹುದು. 100 ಮಿಲಿಲೀಟರಿಗಿಂತ ದೊಡ್ಡ ಬಾಟಲಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ. ಮುಚ್ಚಳಕ್ಕೆ ಮೇಣ ಹಾಕಿ, ಟವೆಲ್ ಸುತ್ತಿ ದೊಡ್ಡ ಪೆಟ್ಟಿಗೆಯಲ್ಲಿ ಇಡಿ. ರೂಮಿಗೆ ಹೋದ ಮೇಲೆ ಅದರ ಮೇಲೆ ಹಿಂದಿಯಲ್ಲೂ ಒಂದು ಚೀಟಿ ಅಂಟಿಸಿ.