ಅಪ್ಪನ ಯೆಜ್ಡಿಗೆ ಹೊಸ ಸೈಲೆನ್ಸರ್ ಕೂರಿಸಿದ್ದು

ಮಳೆಗಾಲ ಮುಗಿದ ಮೇಲೆ ಅಪ್ಪನ ಯೆಜ್ಡಿ ಬೈಕು ತೊಳೆಯುತ್ತಿದ್ದೆ. ಬಲಗಡೆ ಸೈಲೆನ್ಸರಿನ ಕೆಳಹೊಟ್ಟೆಯನ್ನು ಬಟ್ಟೆಯಿಂದ ಒರೆಸುವಾಗ ಹೆಬ್ಬೆರಳು ಒಳಕ್ಕೇ ತೂರಿಹೋಯಿತು. ಮೇಲೆ ಕ್ರೋಮ್ ಮಿಂಚುತ್ತಲೇ ಇತ್ತು, ಕೆಳಗೆ ತಗಡು ಹಪ್ಪಳವಾಗಿತ್ತು. ಸೈಲೆನ್ಸರ್ ತುಕ್ಕು ಹಿಡಿಯುವುದು ಹೆಚ್ಚಾಗಿ ಒಳಗಿನಿಂದ. ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ದೂರ ಓಡಿಸಿದರೆ ಪೈಪು ಚೆನ್ನಾಗಿ ಕಾದು ಅದು ಹೊರಗೆ ಹೋಗುತ್ತದೆ. ಹಾಲು ತರಲು, ತರಕಾರಿ ತರಲು ಎಂದು ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಆ ನೀರು ಸೈಲೆನ್ಸರಿನ ತಗ್ಗಿನಲ್ಲೇ ಕೂತುಬಿಡುತ್ತದೆ. ಕಳೆದ ನಾಲ್ಕೈದು ವರ್ಷ ನಾನು ಮಾಡಿದ್ದು ಅದನ್ನೇ.

ಗಾಡಿ ಅಪ್ಪ 1981ರಲ್ಲಿ ಮೈಸೂರಿನಲ್ಲೇ ಕೊಂಡ ಯೆಜ್ಡಿ 250. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗಿ, ಅಲ್ಲಿಂದ ಕೂಗಳತೆಯಲ್ಲಿದ್ದ ನಮ್ಮ ಮನೆಗೆ ಬಂದದ್ದು. 1961ರಲ್ಲಿ ಜಾವಾ ಹೆಸರಿನಲ್ಲಿ ಶುರುವಾದ ಆ ಕಾರ್ಖಾನೆ 1973ರಿಂದ ಯೆಜ್ಡಿ ಹೆಸರಿನಲ್ಲಿ ಗಾಡಿ ಮಾಡಿತು, 1996ರಲ್ಲಿ ಬಾಗಿಲು ಹಾಕಿತು. ಹಾಗಾಗಿ ಕಂಪನಿ ಮಾಲು ಎಂಬುದು ಈಗ ಯಾರದೋ ಅಂಗಡಿಯ ಅಟ್ಟದಲ್ಲಿ ಉಳಿದ ಹಳೇ ಸ್ಟಾಕ್ ಮಾತ್ರ. ಅದೃಷ್ಟವಿದ್ದರೆ ಒಂದು ಸಿಗಬಹುದು, ಜೋಡಿ ಸಿಗುವುದು ಕಷ್ಟ. ಈಗ ಮತ್ತೆ ಜಾವಾ, ಯೆಜ್ಡಿ ಹೆಸರಿನಲ್ಲಿ ಬರುತ್ತಿರುವ ಗಾಡಿಗಳ ಸೈಲೆನ್ಸರ್ ಹಾಕಬಾರದೇ ಎಂದು ಹಲವರು ಕೇಳುತ್ತಾರೆ. ಅವು ಪಿಸ್ಟನ್ನಿನ ನಾಲ್ಕು ನಡೆಗೆ ಒಮ್ಮೆ ಪೆಟ್ರೋಲ್ ಉರಿಯುವ ಫೋರ್ ಸ್ಟ್ರೋಕ್ ಗಾಡಿಗಳು, ನಮ್ಮದು ಎರಡೇ ನಡೆಗೆ ಒಮ್ಮೆ ಉರಿಯುವ ಟೂ ಸ್ಟ್ರೋಕ್. ಹೆಸರು ಒಂದೇ, ಹೊಟ್ಟೆಯೊಳಗಿನದು ಬೇರೆ. ಆಗುವುದಿಲ್ಲ.

ಉಳಿದ ದಾರಿ ಲೋಕಲ್ ಸೈಲೆನ್ಸರ್. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ 4,800 ರೂಪಾಯಿಗೆ ಒಂದು ಜೋಡಿ ತಂದೆ. ನೋಡಲು ಹಳೆಯದರ ತದ್ರೂಪು. ಪರಿಚಯದ ಒಂದು ವರ್ಕ್‌ಶಾಪಿನಲ್ಲಿ ಅರ್ಧ ಗಂಟೆಯಲ್ಲಿ ಕೂರಿಸಿಕೊಟ್ಟರು. ಸೈಲೆನ್ಸರಿನ ಬ್ರ್ಯಾಕೆಟ್ಟಿನ ತೂತಿಗೂ ಚಾಸಿಯ ತೂತಿಗೂ ಬೆರಳಗಲ ವ್ಯತ್ಯಾಸವಿತ್ತು. ಅದಕ್ಕೆ ಕಬ್ಬಿಣದ ಸರಳು ಕೊಟ್ಟು ಮೀಟಿ, ತೂತು ಸೇರಿದ ಕ್ಷಣದಲ್ಲಿ ಬೋಲ್ಟ್ ತೂರಿಸಿ ಬಿಗಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ಏನೂ ಹೇಳಲಿಲ್ಲ. ಮುನ್ನೂರು ಕಿಲೋಮೀಟರ್ ಕೂಡ ಆಗಿರಲಿಲ್ಲ, ಹುಣಸೂರು ದಾಟಿ ಹೋಗುವಾಗ ಬ್ರ್ಯಾಕೆಟ್ಟಿನ ವೆಲ್ಡಿಂಗ್ ಬಿರಿದು ಸೈಲೆನ್ಸರ್ ನೇತಾಡತೊಡಗಿತು. ಸೈಕಲ್ ಟ್ಯೂಬಿನ ತುಂಡಿನಿಂದ ಕಟ್ಟಿಕೊಂಡು, ಟ್ಯೂಬು ಸುಟ್ಟು ಹೋದಾಗ ತಂತಿ ಸುತ್ತಿ, ಹೇಗೋ ಮನೆ ಸೇರಿದೆ.

ಆಮೇಲೆ ಈ ಕೆಲಸವನ್ನು ನಾನೇ ಮಾಡಬೇಕೆಂದು ನಿರ್ಧರಿಸಿದೆ. ಯಾದವಗಿರಿ ಕಾರ್ಖಾನೆಯಲ್ಲಿ ವರ್ಷಾನುಗಟ್ಟಲೆ ದುಡಿದ ಹಿರಿಯರೊಬ್ಬರು ನಮ್ಮ ಬೀದಿಯಲ್ಲೇ ಇದ್ದಾರೆ. ಅವರನ್ನು ಕೇಳಿದೆ. ಬಂದರು, ಗಾಡಿ ಮುಟ್ಟಲಿಲ್ಲ, ಕುರ್ಚಿ ಹಾಕಿಸಿಕೊಂಡು ಕೂತರು. "ನೋಡಪ್ಪ, ಟೂ ಸ್ಟ್ರೋಕ್ ಗಾಡೀಲಿ ಸೈಲೆನ್ಸರ್ ಅಂದ್ರೆ ಬರೀ ಸದ್ದು ಅಡಗಿಸೋ ಡಬ್ಬ ಅಲ್ಲ. ಅದು ಇಂಜಿನ್ನಿಂದೇ ಒಂದು ಭಾಗ. ಮೊದ್ಲು ಅದನ್ನ ತಲೇಲಿಟ್ಕೊ, ಆಮೇಲೆ ಸ್ಪ್ಯಾನರ್ ಹಿಡಿ," ಅಂದರು.

ಬಿಚ್ಚುವುದರಿಂದ ಶುರು ಮಾಡಿದೆ. ಯೆಜ್ಡಿಗೆ ಸಿಲಿಂಡರ್ ಒಂದೇ ಆದರೂ ಹೊಗೆ ಹೊರಬೀಳುವ ಬಾಯಿ, ಎಂದರೆ ಎಕ್ಸಾಸ್ಟ್ ಪೋರ್ಟ್, ಎರಡು; ಅಲ್ಲಿಂದ ಸೈಲೆನ್ಸರಿಗೆ ಹೋಗುವ ಬೆಂಡ್ ಪೈಪ್ ಎರಡು, ಸೈಲೆನ್ಸರ್ ಎರಡು. ಪ್ರತಿ ಬೆಂಡ್ ಪೈಪನ್ನೂ ಸಿಲಿಂಡರಿಗೆ ಹಿಡಿದಿಡುವುದು ದುಂಡನೆಯ ಒಂದು ಎಕ್ಸಾಸ್ಟ್ ನಟ್. ಅದಕ್ಕೆ ಕೊಕ್ಕೆ ಸ್ಪ್ಯಾನರ್ ಬೇಕು. ಉಳಿಯಿಟ್ಟು ಸುತ್ತಿಗೆಯಲ್ಲಿ ಹೊಡೆದು ತಿರುಗಿಸುವವರೇ ಹೆಚ್ಚು. ಹಾಗೆ ಹೊಡೆಸಿಕೊಂಡ ನಟ್ಟಿನ ಅಂಚೆಲ್ಲ ಜಜ್ಜಿಹೋಗಿ, ಕಡೆಗೊಂದು ದಿನ ಸಿಲಿಂಡರಿನ ಥ್ರೆಡ್ಡೇ ಕಿತ್ತುಬರುತ್ತದೆ. ಈಗಿನ ಕಾಲದಲ್ಲಿ ಒಳ್ಳೆಯ ಸಿಲಿಂಡರ್ ಹುಡುಕುವುದು ಸೈಲೆನ್ಸರ್ ಹುಡುಕಿದಷ್ಟು ಸುಲಭವಲ್ಲ. ನಾನು ಹಿಂದಿನ ರಾತ್ರಿಯೇ ನಟ್ಟಿನ ಸುತ್ತ ತುಕ್ಕುಬಿಡಿಸುವ ಎಣ್ಣೆ ಬಿಟ್ಟಿದ್ದೆ. ಬೆಳಿಗ್ಗೆ ಇಂಜಿನನ್ನು ಐದು ನಿಮಿಷ ಓಡಿಸಿ, ಬಿಸಿಯಿರುವಾಗಲೇ ಕೈಗವಸು ಹಾಕಿಕೊಂಡು ಸ್ಪ್ಯಾನರ್ ಕೊಟ್ಟೆ. ಎಡಗಡೆಯದು ಒಂದೇ ಸಲಕ್ಕೆ ಬಂತು. ಬಲಗಡೆಯದಕ್ಕೆ ಮೂರು ಸಲ ಬಿಸಿ ಮಾಡಿ, ಸ್ವಲ್ಪ ಬಿಗಿದು, ಸ್ವಲ್ಪ ಸಡಿಲಿಸಿ, ಹೀಗೇ ಕಾಲು ಕಾಲು ಸುತ್ತಾಗಿ ಬಿಡಿಸಬೇಕಾಯಿತು.

ಬೆಂಡ್ ಪೈಪಿನೊಳಗೆ ಮಸಿ ಗಟ್ಟಿಯಾಗಿ ಅಂಟಿತ್ತು. ಲೀಟರಿಗೆ 40 ಮಿಲಿಲೀಟರ್ ಎಣ್ಣೆ ಬೆರೆಸಿ ಓಡಿಸುವ ಗಾಡಿಯಲ್ಲಿ ಇದು ಇದ್ದದ್ದೇ. ಪೈಪುಗಳನ್ನು ಕಾಸ್ಟಿಕ್ ಸೋಡದ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿದೆ. ಈ ಕೆಲಸ ಮಾಡುವವರು ಕನ್ನಡಕ, ರಬ್ಬರ್ ಕೈಗವಸು ಇಲ್ಲದೆ ಮಾಡಬೇಡಿ. ಸೋಡವನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕು. ಸೋಡದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಚಿಮ್ಮುತ್ತದೆ. ಅಲ್ಯುಮಿನಿಯಂ ಭಾಗ ಯಾವುದನ್ನೂ ಅದರ ಹತ್ತಿರ ತರಬೇಡಿ, ತಿಂದುಹಾಕುತ್ತದೆ. ಸಿಲಿಂಡರಿನ ಪೋರ್ಟಿನಲ್ಲೂ ಮಸಿ ಕಟ್ಟಿ ಬಾಯಿ ಕಿರಿದಾಗಿತ್ತು. ಪಿಸ್ಟನ್ನನ್ನು ಮೇಲಕ್ಕೆ ತಂದು ನಿಲ್ಲಿಸಿದರೆ ಅದರ ಪಕ್ಕೆಯೇ ಪೋರ್ಟಿಗೆ ಬಾಗಿಲಾಗುತ್ತದೆ, ಕೆರೆದ ಪುಡಿ ಒಳಗೆ ಬೀಳುವುದಿಲ್ಲ. ಸ್ಕ್ರೂ ಡ್ರೈವರ್ ಬೇಡ, ಪಿಸ್ಟನ್ನಿಗೆ ಗೀರು ಬೀಳುತ್ತದೆ. ನಾನು ಬಿದಿರಿನ ಸೀಳನ್ನು ಚೂಪು ಮಾಡಿಕೊಂಡು ಕೆರೆದೆ.

ಇನ್ನು ಹೊಸ ಸೈಲೆನ್ಸರ್. ಬಿರಿದ ಬ್ರ್ಯಾಕೆಟ್ಟನ್ನು ಮತ್ತೆ ವೆಲ್ಡ್ ಮಾಡಿಸುವ ಮುಂಚೆ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಮಲಗಿಸಿ ಅಳೆದೆ. ಮೊದಲ ಸಲವೇ ಮಾಡಬೇಕಾಗಿದ್ದ ಕೆಲಸ ಇದು. ಉದ್ದ ಒಂದೇ. ಬೆಂಡ್ ಪೈಪ್ ತೂರುವ ಕತ್ತಿನ ಒಳವ್ಯಾಸ ಮಾತ್ರ ಹೊಸದರಲ್ಲಿ ಸುಮಾರು ಒಂದೂವರೆ ಮಿಲಿಮೀಟರ್ ಹೆಚ್ಚು. ಬ್ರ್ಯಾಕೆಟ್ಟಿನ ತೂತು ಬಲಗಡೆಯದರಲ್ಲಿ 9 ಮಿಲಿಮೀಟರ್ ಹಿಂದಕ್ಕಿದೆ, ಎಡಗಡೆಯದರಲ್ಲಿ 6. ಎಂದರೆ ಜೋಡಿ ಎಂದು ಮಾರಿದ ಎರಡೂ ಒಂದರಂತೆ ಒಂದಿಲ್ಲ.

ಕತ್ತಿನ ಸಡಿಲಕ್ಕೆ ಊರ ತುಂಬ ಬಳಸುವ ಮದ್ದು ದಾರದ ಪ್ಯಾಕಿಂಗ್ ಸುತ್ತಿ ಕ್ಲಾಂಪ್ ಬಿಗಿಯುವುದು. ಅದು ಎಣ್ಣೆ ಕುಡಿದು, ಸುಟ್ಟು, ಎರಡು ತಿಂಗಳಲ್ಲಿ ಪುಡಿಯಾಗುತ್ತದೆ. ಹಳೇ ದಾರದಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದರ ಧೂಳು ಶ್ವಾಸಕೋಶಕ್ಕೆ ವಿಷ. ನಾನು ಲೇತ್ ಅಂಗಡಿಗೆ ಬೆಂಡ್ ಪೈಪನ್ನೂ ಸೈಲೆನ್ಸರನ್ನೂ ಎರಡನ್ನೂ ಒಯ್ದು, ನಡುವೆ ಕೂರುವ ತೆಳು ಸ್ಟೀಲಿನ ಕೊಳವೆಯಂಥ ತೋಳು (ಸ್ಲೀವ್) ಮಾಡಿಸಿದೆ. ಅಳತೆ ಬರೆದ ಚೀಟಿ ಮಾತ್ರ ಕೊಟ್ಟರೆ ಸಾಲದು, ಹಳೆಯ ಪೈಪು ಯಾವತ್ತೂ ಪೂರ್ತಿ ದುಂಡಗೆ ಇರುವುದಿಲ್ಲ. ತೋಳಿಗೆ ಉದ್ದಕ್ಕೆ ಒಂದು ಸೀಳು ಬಿಡಿಸಿದೆ. ಸೈಲೆನ್ಸರಿನ ಕತ್ತಿಗೆ ಹ್ಯಾಕ್ಸಾದಲ್ಲಿ ನಾಲ್ಕು ಕಡೆ 25 ಮಿಲಿಮೀಟರ್ ಸೀಳು ಹಾಕಿ, ಅರದಿಂದ ಉಜ್ಜಿ ನುಣುಪು ಮಾಡಿದೆ. ಸೀಳಿಲ್ಲದ ಕತ್ತಿಗೆ ಎಷ್ಟೇ ಒಳ್ಳೆಯ ಕ್ಲಾಂಪ್ ಹಾಕಿದರೂ ಅದು ಹಿಡಿಯುವುದಿಲ್ಲ, ಸುಮ್ಮನೆ ಆಭರಣದಂತೆ ಇರುತ್ತದೆ.

ಬ್ರ್ಯಾಕೆಟ್ಟಿನ ವಿಷಯದಲ್ಲಿ ಹಿರಿಯರು ಹಟ ಹಿಡಿದರು. ತೂತನ್ನು ಉದ್ದ ಕೊರೆದು ಹೊಂದಿಸೋಣ ಎಂದರೆ ಒಪ್ಪಲಿಲ್ಲ. "ತಗಡು ಉಳಿಯೋದೇ ಇಲ್ಲವಲ್ಲಪ್ಪ, ಮತ್ತೆ ಹರಿಯುತ್ತೆ. ಪಟ್ಟಿ ಮಾಡ್ಸು." 4 ಮಿಲಿಮೀಟರ್ ದಪ್ಪದ ಪಟ್ಟಿಯಲ್ಲಿ ಎರಡು ಚಿಕ್ಕ ಜೋಡುಪಟ್ಟಿ ಮಾಡಿಸಿದೆ. ಒಂದು ತುದಿ ಚಾಸಿಗೆ, ಇನ್ನೊಂದು ಸೈಲೆನ್ಸರಿಗೆ. ಪಟ್ಟಿಯ ತೂತನ್ನು ಮೊದಲೇ ಕೊರೆಯಲಿಲ್ಲ. ಸೈಲೆನ್ಸರನ್ನು ಅದರ ಪಾಡಿಗೆ ಕೂರಿಸಿ, ಅಡಿಗೆ ಮರದ ದಿಮ್ಮಿ, ಅದರ ಮೇಲೆ ಮಡಚಿದ ಗೋಣಿತಾಟು ಕೊಟ್ಟು ನಿಲ್ಲಿಸಿ, ತೂತು ಎಲ್ಲಿ ಬರುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿಕೊಂಡು ಆಮೇಲೆ ಕೊರೆಸಿದೆ. ಬೋಲ್ಟ್ ಬೆರಳಲ್ಲಿ ಹಾಕಿದರೆ ತಾನಾಗಿ ಒಳಗೆ ಹೋಗಬೇಕು. ಸರಳು ಬೇಕಾಯಿತೆಂದರೆ ಎಲ್ಲೋ ತಪ್ಪಿದ್ದೀರಿ.

ಜೋಡಿಸುವ ಕ್ರಮ ಮುಂದಿನಿಂದ ಹಿಂದಕ್ಕೆ. ಸಿಲಿಂಡರಿನ ಬಾಯಿಗೆ ಹೊಸ ಪ್ಯಾಕಿಂಗ್ ಕೂರಿಸಿ, ನಟ್ಟಿನ ಥ್ರೆಡ್ಡಿಗೆ ಬಿಸಿ ತಡೆಯುವ ತಾಮ್ರದ ಗ್ರೀಸ್ ತೆಳುವಾಗಿ ಸವರಿ, ಕೈಯಲ್ಲಷ್ಟೇ ತಿರುಗಿಸಿದೆ. ಸೈಲೆನ್ಸರ್ ತೂರಿಸಿ ಕ್ಲಾಂಪ್ ಸಡಿಲವಾಗಿ ಬಿಟ್ಟೆ. ಹಿಂದಿನ ಬೋಲ್ಟೂ ಸಡಿಲ. ಎಲ್ಲವೂ ತಮ್ಮ ಜಾಗ ಹುಡುಕಿಕೊಂಡ ಮೇಲೆ ಮೊದಲು ಎಕ್ಸಾಸ್ಟ್ ನಟ್, ಆಮೇಲೆ ಕ್ಲಾಂಪ್, ಕಡೆಗೆ ಬ್ರ್ಯಾಕೆಟ್. ಸ್ಟ್ಯಾಂಡ್ ಇಳಿಸಿ ಹತ್ತಿಸಿ, ಎಲ್ಲಾದರೂ ತಾಗುತ್ತದೆಯೇ ನೋಡಿದೆ. ಗಾಡಿ ಸ್ಟಾರ್ಟ್ ಮಾಡುವ ಮುಂಚೆ ಒಂದು ಕೆಲಸ ಮರೆಯಬಾರದು: ಕ್ರೋಮಿನ ಮೇಲಿನ ಬೆರಳಚ್ಚು, ಎಣ್ಣೆ ಎಲ್ಲವನ್ನೂ ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಅದು ಪೂರ್ತಿ ಆರಿದ ಮೇಲೆ ಕಿಕ್ ಹೊಡೆಯಬೇಕು. ಹಾಗೇ ಬಿಟ್ಟರೆ ಮೊದಲ ಬಿಸಿಗೇ ಬೆಂದು ಕಂದು ಕಲೆಯಾಗಿ ಕೂತುಬಿಡುತ್ತದೆ.

ಕಿಕ್ ಹೊಡೆದೆ. ಸದ್ದು ಕಿವಿಗಡಚಿಕ್ಕುವ ಹಾಗೆ. ಬೀದಿಯ ಹುಡುಗರಿಗೆ ಖುಷಿ, ನನಗೂ ಒಂದು ಕ್ಷಣ ಮೈ ಜುಮ್ಮೆಂದಿತು. ಹಿರಿಯರ ಮುಖ ಮಾತ್ರ ಗಂಟಿಕ್ಕಿತು. ಒಂದು ಸುತ್ತು ಹೋಗಿ ಬಂದಾಗ ನನಗೂ ಗೊತ್ತಾಯಿತು: ಕೆಳಗಿನ ವೇಗದಲ್ಲಿ ಪಿಕಪ್ಪೇ ಇಲ್ಲ, ಏರಿನಲ್ಲಿ ಮೂರನೇ ಗೇರಿಗೆ ಮುಕ್ಕರಿಯುತ್ತದೆ. ನಾಲ್ಕನೇ ಗೇರಿನಲ್ಲಿ ಅರವತ್ತರ ವೇಗದಲ್ಲಿ ಕೀ ಆರಿಸಿ, ಕ್ಲಚ್ ಹಿಡಿದು ಪಕ್ಕಕ್ಕೆ ನಿಲ್ಲಿಸಿ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದೆ. ತುದಿ ಬೂದಿಯಂತೆ ಬೆಳ್ಳಗಿತ್ತು.

ಹಿಂದಿನ ಮುಚ್ಚಳ ಬಿಚ್ಚಿ ಒಳಗಿನ ಕೊಳವೆ, ಎಂದರೆ ಬ್ಯಾಫಲ್, ಹೊರಗೆಳೆದೆವು. ಲೋಕಲ್ ಸೈಲೆನ್ಸರಿನದು ನಾಲ್ಕಾರು ತೂತು ಹೊಡೆದ ನೇರ ಪೈಪು, ಅಷ್ಟೆ. ಹಳೆಯದರಲ್ಲಿ ಹೊಗೆ ಒಂದು ಕೋಣೆಯಿಂದ ಇನ್ನೊಂದಕ್ಕೆ ನುಗ್ಗುವಂತೆ ಅಡ್ಡತಟ್ಟೆಗಳಿದ್ದವು.

ಟೂ ಸ್ಟ್ರೋಕಿನಲ್ಲಿ ಇದರ ಮಹತ್ವ ಹೀಗೆ. ಪಿಸ್ಟನ್ ಇಳಿದು ಎಕ್ಸಾಸ್ಟ್ ಪೋರ್ಟ್ ತೆರೆದಾಗ ಸುಟ್ಟ ಹೊಗೆ ಹೊರಗೆ ನುಗ್ಗುತ್ತದೆ. ಅದರ ಬೆನ್ನಿಗೇ ಹೊಸ ಪೆಟ್ರೋಲ್ ಮಿಶ್ರಣ ಒಳಗೆ ಬರುತ್ತದೆ. ಸ್ವಲ್ಪ ಹೊತ್ತು ಎರಡೂ ಬಾಗಿಲು ಒಟ್ಟಿಗೇ ತೆರೆದಿರುವುದರಿಂದ ಹೊಸ ಮಿಶ್ರಣದಲ್ಲೂ ಒಂದಷ್ಟು ಹೊಗೆಯ ಹಿಂದೆಯೇ ಹೊರಟುಬಿಡುತ್ತದೆ. ಪೈಪಿನಲ್ಲಿ ಹೋದ ಒತ್ತಡದ ಅಲೆ ಸೈಲೆನ್ಸರಿನೊಳಗೆ ಬಡಿದು ಹಿಂದಿರುಗಿದಾಗ, ಹೊರಟಿದ್ದ ಮಿಶ್ರಣವನ್ನು ತಡೆದು ಸಿಲಿಂಡರಿನತ್ತ ತಳ್ಳುತ್ತದೆ. ಒಳಗೆ ಬಡಿಯಲು ಏನೂ ಇಲ್ಲದಿದ್ದರೆ ಆ ತಳ್ಳುವಿಕೆ ಕುಗ್ಗುತ್ತದೆ. ನನ್ನ ಗಾಡಿಯಲ್ಲಿ ಪಿಕಪ್ ಸತ್ತದ್ದು, ಮಿಶ್ರಣ ಲೀನ್ ಆಗಿ, ಎಂದರೆ ಅದರಲ್ಲಿ ಪೆಟ್ರೋಲ್ ಕಮ್ಮಿಯಾಗಿ, ಪ್ಲಗ್ ಬೆಳ್ಳಗಾದದ್ದು ಎರಡೂ ಇದರಿಂದಲೇ. ಹಾಗೇ ಓಡಿಸಿದ್ದರೆ ಒಂದು ದಿನ ಪಿಸ್ಟನ್ ಬಿಸಿಗೆ ಸಿಲಿಂಡರಿಗೆ ಕಚ್ಚಿಕೊಂಡು ಸೀಜ್ ಆಗುವ ಅಪಾಯವಿತ್ತು. ಬ್ಯಾಫಲ್ ಕಿತ್ತೆಸೆದು "ಗಾಡಿ ಫ್ರೀ ಆಯ್ತು" ಎನ್ನುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಹೆಚ್ಚಿದ್ದು ಸದ್ದು, ಶಕ್ತಿಯಲ್ಲ. ಕಾನೂನೂ ಇದೆ: ಮೋಟಾರು ವಾಹನ ಕಾಯ್ದೆಯ 190(2)ರ ಪ್ರಕಾರ ಶಬ್ದದ ಮಿತಿ ಮೀರಿದರೆ ದಂಡ 10,000 ರೂಪಾಯಿವರೆಗೆ ಹೋಗಬಹುದು. ಅದಕ್ಕೂ ಮುಂಚೆ, ಬೀದಿಯಲ್ಲಿ ಹಸುಗೂಸು ಮಲಗಿರುತ್ತದೆ ಎಂಬುದನ್ನು ನೆನೆಯಬೇಕು.

ಹಳೇ ಸೈಲೆನ್ಸರಿನ ಹೊರತಗಡು ಸತ್ತಿದ್ದರೂ ಬ್ಯಾಫಲ್ ದಪ್ಪ ಕಬ್ಬಿಣದ್ದು, ಜೀವಂತವಾಗಿತ್ತು. ಎರಡನ್ನೂ ತೆಗೆದು, ಬೆಂಕಿಯಲ್ಲಿ ಕಾಯಿಸಿ ಮಸಿ ಸುಟ್ಟು, ತಂತಿ ಬ್ರಷ್ಷಿನಲ್ಲಿ ಉಜ್ಜಿ, ಮುಚ್ಚಿಹೋಗಿದ್ದ ತೂತುಗಳನ್ನು ಒಂದೊಂದಾಗಿ ಮೊಳೆಯಿಂದ ಬಿಡಿಸಿದೆ. ಒಂದು ಇಡೀ ಸಂಜೆ ಹಿಡಿಯಿತು. ಹೊಸ ಸೈಲೆನ್ಸರಿನೊಳಗೆ ಅವು ಸ್ವಲ್ಪ ಸಡಿಲವಾಗಿ ಕೂತಿದ್ದರಿಂದ, ಗಡಗಡ ಎನ್ನದಂತೆ ಹಿಂದಿನ ತುದಿಗೆ ತೆಳು ಸ್ಟೀಲ್ ಪಟ್ಟಿಯ ಒಂದು ಸುತ್ತು ಕೊಟ್ಟೆ. ನಿಮ್ಮ ಹಳೇ ಸೈಲೆನ್ಸರನ್ನು ಗುಜರಿಗೆ ಹಾಕುವ ಮುಂಚೆ ದಯವಿಟ್ಟು ಅದರ ಬ್ಯಾಫಲ್ ತೆಗೆದಿಟ್ಟುಕೊಳ್ಳಿ. ಈ ಬರಹ ಬರೆಯಲು ಕೂತದ್ದೇ ಈ ಒಂದು ಮಾತಿಗಾಗಿ.

ಮತ್ತೆ ಕಿಕ್ ಹೊಡೆದಾಗ ಅಪ್ಪನ ಕಾಲದ ಸದ್ದು ಬಂತು, ಸಣ್ಣಗೆ, ಒಂದೊಂದು ಸಲ ತಾಳ ತಪ್ಪಿ ಮತ್ತೆ ಹಿಡಿಯುವ ಹಾಗೆ. ಹಿರಿಯರು ಆಗ ಕುರ್ಚಿಯಿಂದ ಎದ್ದರು. ಗಾಡಿಯ ಹಿಂದೆ ಕುಕ್ಕರುಗಾಲಲ್ಲಿ ಕೂತು, ಎರಡೂ ಅಂಗೈಗಳನ್ನು ಎರಡು ಸೈಲೆನ್ಸರುಗಳ ಬಾಯಿಗೆ ಗೇಣು ದೂರದಲ್ಲಿ ಹಿಡಿದು ಕಣ್ಣು ಮುಚ್ಚಿದರು. ಎಡಗೈಗೂ ಬಲಗೈಗೂ ಬಡಿಯುವ ಹೊಗೆ ಒಂದೇ ಸಮ ಇದೆಯೇ ಎಂದು ನೋಡುವ ರೀತಿ ಅದು. "ಬಲಗಡೆ ಒಂಚೂರು ಕಮ್ಮಿ," ಅಂದರು. ನಾನು ಕ್ಲಾಂಪಿನ ಸುತ್ತ ಬೆರಳಾಡಿಸಿದೆ. ಎಣ್ಣೆಮಸಿಯ ಸಣ್ಣ ಗೆರೆ ಜಿನುಗುತ್ತಿತ್ತು. ತೋಳಿನ ಸೀಳೂ ಕತ್ತಿನ ಸೀಳೂ ಒಂದೇ ನೇರಕ್ಕೆ ಬಂದು ದಾರಿ ಮಾಡಿಕೊಟ್ಟಿದ್ದವು. ತಣ್ಣಗಾದ ಮೇಲೆ ಬಿಚ್ಚಿ ತೋಳನ್ನು ಅರ್ಧ ಸುತ್ತಿಗಿಂತ ಕಮ್ಮಿ ತಿರುಗಿಸಿ, ಸೀಳಿಗೆ ಸೀಳು ಎದುರಾಗದಂತೆ ಇಟ್ಟು ಬಿಗಿದೆ. ಅವರು ಮತ್ತೆ ಕೈ ಹಿಡಿದು ನೋಡಿ ತಲೆಯಾಡಿಸಿದರು.

ಮೊದಲ ಐವತ್ತು ಕಿಲೋಮೀಟರ್ ಆದ ಮೇಲೆ, ಮತ್ತೆ ಇನ್ನೂರಕ್ಕೆ, ಎಲ್ಲ ಬೋಲ್ಟ್‌ಗಳನ್ನೂ ಎಕ್ಸಾಸ್ಟ್ ನಟ್ಟನ್ನೂ ಬಿಗಿ ನೋಡಿದೆ. ಎರಡು ಸಲವೂ ನಟ್ ಒಂದು ಚೂರು ಹಿಡಿಯಿತು. ಪ್ಲಗ್ ಈಗ ಕಾಫಿಪುಡಿ ಬಣ್ಣದಲ್ಲಿದೆ. ಜುಲೈ ಎರಡನೇ ಭಾನುವಾರ, ಜಾವಾ, ಯೆಜ್ಡಿ ಪ್ರಿಯರು ಆಚರಿಸುವ ಜಾವಾ ದಿನಕ್ಕೆ ಗೆಳೆಯರೊಂದಿಗೆ ಮಡಿಕೇರಿಗೆ ಹೋಗಿ ಬಂದೆ. ಕುಶಾಲನಗರ ದಾಟಿದ ಮೇಲಿನ ಏರಿನಲ್ಲೂ ಗಾಡಿ ಮೂರನೇ ಗೇರಿನಲ್ಲಿ ಎಳೆಯಿತು. ಮನೆಗೆ ಬಂದು ಅಡಿಗೆ ಟಾರ್ಚ್ ಹಾಕಿ ನೋಡಿದರೆ ಬ್ರ್ಯಾಕೆಟ್ಟಿನ ವೆಲ್ಡಿಂಗ್ ಮೇಲೆ ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಹಾಲಿಗೆ ಈಗ ಸೈಕಲ್ಲಿನಲ್ಲಿ ಹೋಗುತ್ತೇನೆ. ಯೆಜ್ಡಿ ತೆಗೆದೆನೆಂದರೆ ಕಡಿಮೆಯೆಂದರೂ ಶ್ರೀರಂಗಪಟ್ಟಣದವರೆಗೆ ಹೋಗಿ, ಸೈಲೆನ್ಸರ್ ಒಣಗಿಸಿಕೊಂಡೇ ಬರುವುದು.