40 ಸಾವಿರದಲ್ಲಿ ಹಳೇ ಸ್ವಿಫ್ಟ್: ಮೊದಲು ಯಾವುದು, ಆಮೇಲೆ ಯಾವುದು

ನನ್ನದು 2014ರ ಸ್ವಿಫ್ಟ್ ಕಾರು, ಮಧ್ಯಮ ದರ್ಜೆಯ ವಿಎಕ್ಸ್‌ಐ ಮಾದರಿ. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡ ಮೇಲೆ ಕೈಯಲ್ಲಿ ಉಳಿದದ್ದು 40,000 ರೂಪಾಯಿ. ಮನಸ್ಸಿನಲ್ಲಿ ಇದ್ದದ್ದು ಅಲಾಯ್ ವೀಲ್ ಮತ್ತು ದೊಡ್ಡ ಸ್ಕ್ರೀನಿನ ಸ್ಟೀರಿಯೊ. ಆದರೆ ಆ ಜುಲೈನಲ್ಲಿ ಅಮ್ಮನನ್ನು ಕೂರಿಸಿಕೊಂಡು ತೀರ್ಥಹಳ್ಳಿಯಿಂದ ಉಡುಪಿಗೆ ಹೊರಟೆ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಇನ್ನೂ ನಾಲ್ಕೈದು ಬಾಕಿ ಇರುವಾಗ ಬ್ರೇಕ್ ಪೆಡಲ್ ಹತ್ತಿಯನ್ನು ತುಳಿದ ಹಾಗೆ ಮೆತ್ತಗಾಯಿತು. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದೆ. ನನ್ನ ಪಟ್ಟಿ ಅಲ್ಲೇ ಬದಲಾಯಿತು.

ಆದ್ದರಿಂದ ಮೊದಲು ಬ್ರೇಕ್. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ದರ್ಜೆಯ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ನೀರು ಸೇರಿದ ಮೇಲೆ 155ರ ಆಸುಪಾಸಿನಲ್ಲೇ ಕುದಿಯಬಹುದು. ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಇದ್ದರೆ ಅಷ್ಟು ಬಿಸಿ ಆಗಬಹುದು. ಒಳಗೆ ಆವಿ ತುಂಬಿತು ಅಂದರೆ ಪೆಡಲ್‌ಗೆ ಬಲವಿಲ್ಲ. ಆಯಿಲ್, ಮುಂದಿನ ಪ್ಯಾಡ್, ಕೂಲಿ ಎಲ್ಲ ಸೇರಿ ನನಗೆ 4,500 ಆಯಿತು. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ.

ಆಮೇಲೆ ಟೈರ್. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 3517 ಅಂದರೆ 2017ರ 35ನೇ ವಾರ ತಯಾರಾದದ್ದು. ನನ್ನ ಗಾಡಿಯಲ್ಲಿ ಟೈರಿನ ಗೀರುಗಳ ಆಳ ಚೆನ್ನಾಗಿಯೇ ಕಾಣುತ್ತಿತ್ತು, ಆದರೆ ರಬ್ಬರ್ ಕಲ್ಲಾಗಿತ್ತು. ಆ ಆಳಕ್ಕೆ ಕಾನೂನಿನ ಮಿತಿ 1.6 ಮಿಲಿಮೀಟರ್. ಮಲೆನಾಡಿನ ಮಳೆಯಲ್ಲಿ ಓಡಿಸುವವರು ಅಲ್ಲಿಯವರೆಗೆ ಕಾಯಬೇಡಿ. ನಾಲ್ಕು ಟೈರ್, ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಸೇರಿ 18,000 ಕೊಟ್ಟೆ. ಎರಡಕ್ಕೆ ಮಾತ್ರ ದುಡ್ಡಿದ್ದರೆ ಹೊಸವನ್ನು ಹಿಂದಕ್ಕೆ ಹಾಕಿಸಿ. ಅಂಗಡಿಯವರು ಮುಂದಕ್ಕೇ ಅನ್ನುತ್ತಾರೆ, ಒಪ್ಪಬೇಡಿ. ಒದ್ದೆ ತಿರುವಿನಲ್ಲಿ ಮುಂದಿನ ಚಕ್ರ ಜಾರಿದರೆ ಸ್ಟೀರಿಂಗ್‌ನಲ್ಲೇ ಗೊತ್ತಾಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಹಿಡಿತ ಸಿಗಬಹುದು. ಹಿಂದಿನದು ಜಾರಿದರೆ ಗಾಡಿಯೇ ಸುತ್ತಿಬಿಡುತ್ತದೆ.

ಅಲಾಯ್ ಆಸೆ ಬಹಳ ಇದ್ದರೆ ಅಳತೆ ನೋಡಿ. ವಿಎಕ್ಸ್‌ಐಗೆ ಕಂಪನಿಯದು 165/80 ಆರ್14 (ಕೊನೆಯ 14 ರಿಮ್‌ನ ಇಂಚು), ಒಟ್ಟು ಎತ್ತರ ಸುಮಾರು 620 ಮಿಲಿಮೀಟರ್. ಮೇಲಿನ ದರ್ಜೆಯ ಝಡ್‌ಎಕ್ಸ್‌ಐಗೆ ಬರುವ 185/65 ಆರ್15 ಕೂಡ ಹೆಚ್ಚುಕಡಿಮೆ ಅಷ್ಟೇ. ಅಲ್ಲಿಗೆ ನಿಲ್ಲಿಸಿ. 17 ಇಂಚಿಗೆ ಹೋದರೆ ಟೈರಿನ ಗೋಡೆ ತೆಳುವಾಗುತ್ತದೆ. ನಮ್ಮ ರಸ್ತೆಯ ಹೊಂಡಕ್ಕೆ ಬಿದ್ದರೆ ಪೆಟ್ಟು ನೇರ ರಿಮ್‌ಗೆ.

ಮುಂದಿನ ಎರಡು ಶಾಕ್ ಅಬ್ಸಾರ್ಬರ್, ಚಕ್ರ ಹಿಡಿದಿಡುವ ಲೋವರ್ ಆರ್ಮ್‌ನ ರಬ್ಬರ್ ಬುಷ್‌ಗಳಿಗೆ 9,000 ಹೋಯಿತು. ಹಂಪ್ ಹತ್ತಿದಾಗ ಬರುತ್ತಿದ್ದ ಟಕಟಕ ಸದ್ದು ನಿಂತಿತು. ಗಾಡಿಯನ್ನು ತಗ್ಗಿಸುವ ಸ್ಪ್ರಿಂಗ್ ಮಾತ್ರ ಬೇಡ.

ಹೆಡ್‌ಲೈಟ್ ವಿಷಯದಲ್ಲಿ ಜನ ಬಲ್ಬಿಗೆ ಸುಮ್ನೆ ದುಡ್ಡು ಸುರಿಯುತ್ತಾರೆ. ಹಳೇ ವೈರು, ಸ್ವಿಚ್ ದಾಟಿ ಬರುವಷ್ಟರಲ್ಲಿ ವೋಲ್ಟೇಜ್ ಕಡಿಮೆಯಾಗಿರುತ್ತದೆ. ಶೇ. 10 ಕಡಿಮೆಯಾದರೆ ಹ್ಯಾಲೊಜೆನ್ ಬೆಳಕು ಶೇ. 30ರಷ್ಟು ಕುಗ್ಗುತ್ತದೆ. ಬ್ಯಾಟರಿಯಿಂದ ನೇರ ಕರೆಂಟ್ ಕೊಡುವ ರಿಲೇ ಹಾಕಿಸಿ, ಹಳದಿಯಾದ ಗಾಜು ಪಾಲಿಶ್ ಮಾಡಿಸಿ. ಎರಡಕ್ಕೂ 2,000 ಆಯಿತು, ಬಲ್ಬ್ ಹಳೇ 60/55 ವ್ಯಾಟಿನದೇ. ಎದುರಿನವನ ಕಣ್ಣು ಕುಕ್ಕುವ ಬೆಳಕು ಬೇಡ, ಅವನೂ ಮನೆ ಸೇರಬೇಕು ಅಲ್ವಾ?

ಕಪ್ಪು ಫಿಲ್ಮ್, ಮುಂದಿನ ಬುಲ್ ಬಾರ್, ಕಿರುಚುವ ಸೈಲೆನ್ಸರ್ ಇವಕ್ಕೆ ದುಡ್ಡು ಹಾಕಲೇಬೇಡಿ. ಫಿಲ್ಮನ್ನು 2012ರಲ್ಲಿ ಸುಪ್ರೀಂ ಕೋರ್ಟ್ ತಡೆಯಿತು, ಬುಲ್ ಬಾರ್ ಬೇಡವೆಂದು 2017ರಲ್ಲಿ ಕೇಂದ್ರ ಸರ್ಕಾರ ಹೇಳಿತು.

ಉಳಿದ 6,500ರಲ್ಲಿ ಕಂಪನಿ ಸ್ಟೀರಿಯೊ ಹಾಗೇ ಇಟ್ಟುಕೊಂಡು ಮುಂದಿನ ಬಾಗಿಲಿನ ಸ್ಪೀಕರ್ ಮಾತ್ರ 2,800ಕ್ಕೆ ಬದಲಿಸಿದೆ. ದನಿಯಲ್ಲಿ ಆದ ವ್ಯತ್ಯಾಸ ನೋಡಿ ಸ್ಕ್ರೀನ್ ಬೇಕೆನಿಸಲಿಲ್ಲ. ಹಾಕಿಸುವಾಗ ಪಕ್ಕದಲ್ಲೇ ನಿಂತಿರಿ. ವೈರ್ ಕತ್ತರಿಸಿ ಟೇಪ್ ಸುತ್ತಲು ಬಿಡಬೇಡಿ, ವೈರ್ ಕತ್ತರಿಸದೆ ಜೋಡಿಸುವ ಪ್ಲಗ್, ಅಂದರೆ ಕಪ್ಲರ್ ಹಾಕಿ ಅನ್ನಿ. ಕಪ್ಲರ್ ಇಲ್ಲ ಅಂದರೆ ಬೇರೆ ಅಂಗಡಿಗೆ ಹೋಗಿ.