ಸೈರನ್ ಕೂಗಿದರೆ ಮನೆಯೊಳಗೆ ಎಲ್ಲಿ ಕೂಡಬೇಕು?

ರಾಕೆಟ್, ಬಾಂಬ್ ದಾಳಿಯ ಸೈರನ್ ಕೇಳಿದ ಮೇಲೆ ಜಾಗ ಹುಡುಕಲು ಹೊತ್ತಿರುವುದಿಲ್ಲ. ಇಸ್ರೇಲಿನಲ್ಲಿ ಗಾಜಾ ಅಂಚಿನ ಸ್ದೆರೋತ್ ಊರಿನವರಿಗೆ ಸಿಗುವುದು 15 ಸೆಕೆಂಡ್, ಟೆಲ್ ಅವೀವ್‌ನವರಿಗೆ 90. ರಷ್ಯಾ ಗಡಿಗೆ ಹತ್ತಿರದ, ಉಕ್ರೇನಿನ ಖಾರ್ಕಿವ್‌ನಲ್ಲಿ ಸ್ಫೋಟವಾದ ಮೇಲೆ ಸೈರನ್ ಕೂಗಿದ್ದೂ ಉಂಟು. ಹೊರದೇಶದಲ್ಲಿ ಓದುವ ಮಕ್ಕಳಿಗೂ ಹೇಳಿ, ಹುಬ್ಬಳ್ಳಿ-ಧಾರವಾಡದ ನಿಮ್ಮ ಮನೆಯಲ್ಲೂ ಇವತ್ತೇ ಜಾಗ ಗೊತ್ತು ಮಾಡಿ.

ನಿಮಗೂ ಬೀದಿಗೂ ನಡುವೆ ಎರಡು ಗೋಡೆ ಇರಲಿ. ಮೊದಲನೆಯದು ಸ್ಫೋಟದ ಏಟು ತಿನ್ನುತ್ತದೆ, ಎರಡನೆಯದು ಸಿಡಿದ ಇಟ್ಟಿಗೆ, ಗಾಜನ್ನು ತಡೆಯುತ್ತದೆ. ಆರ್‌ಸಿಸಿ ಮನೆಯಲ್ಲಿ ಕಿಟಕಿಯಿಲ್ಲದ ನಡುಮನೆ ಒಳ್ಳೆಯದು. ಬಚ್ಚಲುಮನೆ ಬೇಡ, ಟೈಲ್ಸ್ ಮತ್ತು ಕಮೋಡ್ ಒಡೆದರೆ ಚಾಕುವಿನಂತೆ ಹಾರುತ್ತವೆ. ಅಪಾರ್ಟ್‌ಮೆಂಟ್‌ನವರು ತಲೆಯ ಮೇಲೆ ಕನಿಷ್ಠ ಎರಡು ಅಂತಸ್ತು ಇರುವ ಕಡೆ, ಗಾಜಿಲ್ಲದ ಮೆಟ್ಟಿಲ ಬಳಿ ಸೇರಿ, ಲಿಫ್ಟ್ ಹತ್ತಬೇಡಿ. ಕೆಳಗಿನ ಪಾರ್ಕಿಂಗನ್ನು ನೆಲಮಾಳಿಗೆ ಅಂದುಕೊಳ್ಳಬೇಡಿ. ಕಂಬಗಳ ಮೇಲೆ ನಿಂತ ಆ ಜಾಗ ಸುತ್ತಲೂ ತೆರೆದಿರುತ್ತದೆ, ಜತೆಗೆ ಗಾಡಿಗಳ ಪೆಟ್ರೋಲ್ ಬೇರೆ.

ಗದಗ, ರೋಣದ ಕಡೆಯ ಮಣ್ಣಿನ ಮಾಳಿಗೆ ಮನೆಗಳ ಗೋಡೆ ದಪ್ಪ ನಿಜ, ಆದರೆ ತೊಲೆ ಜಾರಿದರೆ ಮಾಳಿಗೆಯ ಮಣ್ಣೆಲ್ಲ ತಲೆ ಮೇಲೆ. ಪಕ್ಕದ ಆರ್‌ಸಿಸಿ ಮನೆಯವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಕಾಳು ತುಂಬಿಡುತ್ತಿದ್ದ ನೆಲದೊಳಗಿನ ಹಳೇ ಹಗೇವಿಗೆ ಮಾತ್ರ ಇಳಿಯಲೇಬೇಡಿ. ಮುಚ್ಚಿಟ್ಟ ಹಗೇವಿನಲ್ಲಿ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಡೈಆಕ್ಸೈಡ್ ತುಂಬಿರುತ್ತದೆ. ಇಳಿದವರ ಜತೆ ಅವರನ್ನು ಎತ್ತಲು ಹೋದವರೂ ಸಾಯುತ್ತಾರೆ.

ಕಿಟಕಿಗೆ ಟೇಪ್ ಹಚ್ಚಿದರೆ ಗಾಜು ಒಡೆಯುವುದು ನಿಲ್ಲುವುದಿಲ್ಲ, ಚೂರು ಚದುರುವುದು ಸ್ವಲ್ಪ ಕಡಿಮೆಯಾಗುತ್ತದೆ ಅಷ್ಟೇ. ದಪ್ಪ ಪರದೆಯನ್ನೂ ಎಳೆಯಿರಿ. ಸಿಲಿಂಡರ್ ರೆಗ್ಯುಲೇಟರ್ ಬಂದ್ ಮಾಡಿ, ಚಪ್ಪಲಿ ಹಾಕಿಕೊಂಡೇ ಕೂಡಿ. ಆಮೇಲೆ ನಡೆಯಬೇಕಾದ್ದು ಗಾಜಿನ ಮೇಲೆ.

2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ತೀರಿಕೊಂಡ ಹಾವೇರಿ ಜಿಲ್ಲೆ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ಹೊರಗೆ ಹೋಗಿದ್ದು ದಿನಸಿ ತರಲು. ಅದಕ್ಕೇ ಶೇಂಗಾ, ಅವಲಕ್ಕಿ, ಬೆಲ್ಲ, ಒಣರೊಟ್ಟಿ ಮೂರು ದಿನಕ್ಕಾಗುವಷ್ಟು ಒಳಗಿರಲಿ. ಕುಡಿಯಲು, ಅಡುಗೆಗೆ ದಿನಕ್ಕೆ ತಲೆಗೆ 4 ಲೀಟರ್ ನೀರು ಹಿಡಿಯಿರಿ. ನಳ ಬರುವ ದಿನಕ್ಕೆ ಕಾಯುವ ನಮ್ಮೂರಲ್ಲಿ ಬ್ಯಾರಲ್ ಹೇಗೂ ಇರುತ್ತದೆ, ಅದನ್ನು ಹಾದಿಗೆ ಅಡ್ಡ ಇಡಬೇಡಿ.

ಬಯಲಲ್ಲಿ ಸಿಕ್ಕಿಬಿದ್ದರೆ ಓಡಬೇಡಿ. ಚೂರುಗಳು ಮೇಲಕ್ಕೂ ಬದಿಗೂ ಸಿಡಿಯುತ್ತವೆ. ಹತ್ತಿರದ ತಗ್ಗಿನಲ್ಲಿ ಬೋರಲು ಮಲಗಿ, ಕೈಗಳಿಂದ ತಲೆ ಮುಚ್ಚಿಕೊಳ್ಳಿ.

ರಕ್ತ ಚಿಮ್ಮುತ್ತಿದ್ದರೆ ಗಾಯದ ಮೇಲೆ ಬಟ್ಟೆಯಿಟ್ಟು ಮೈಭಾರ ಹಾಕಿ ಒತ್ತಿ. ಕೈಕಾಲಿನ ರಕ್ತ ಅದಕ್ಕೂ ನಿಲ್ಲದಿದ್ದರೆ ಗಾಯಕ್ಕಿಂತ 5ರಿಂದ 7 ಸೆಂ.ಮೀ. ಮೇಲೆ, ಕೀಲು ಬಿಟ್ಟು, 4 ಸೆಂ.ಮೀ.ಗಿಂತ ಅಗಲದ ಬಟ್ಟೆ ಕಟ್ಟಿ. ಗಂಟಿನೊಳಗೆ ಗಟ್ಟಿ ಕೋಲು ಸಿಕ್ಕಿಸಿ ರಕ್ತ ನಿಲ್ಲುವ ತನಕ ತಿರುವಿ, ಕಟ್ಟಿದ ಹೊತ್ತು ಬರೆದಿಡಿ. ತಂತಿ, ಸುತಳಿ ಬೇಡ, ಮಾಂಸ ಕತ್ತರಿಸುತ್ತವೆ. ಬಿಗಿ ಸಾಲದಿದ್ದರೆ ರಕ್ತ ಇನ್ನೂ ಹೆಚ್ಚು ಹೋಗುತ್ತದೆ. ಆಳಕ್ಕೆ ನಾಟಿದ ಚೂರನ್ನು ಕೀಳಬೇಡಿ.

ನಮ್ಮ ದೇಶದಲ್ಲಿ ಏರಿಳಿಯುವ ಸೈರನ್ ಅಪಾಯದ್ದು, ಒಂದೇ ಸಮನೆ ಕೂಗಿದರೆ ಅಪಾಯ ಕಳೆದಂತೆ. ಆಮೇಲೂ ಬಿದ್ದ ಜಾಗ ನೋಡಲು ಹೋಗಬೇಡಿ, ಅದೇ ಕಡೆ ಎರಡನೇ ರಾಕೆಟ್ ಬೀಳಬಹುದು. ವಿಡಿಯೋ ಹಾಕಿದರೆ ಗುರಿ ತಿದ್ದಿಕೊಳ್ಳಲು ವೈರಿಗೆ ಅನುಕೂಲ. ಸಿಡಿಯದ ವಸ್ತು ಕಂಡರೆ ಮುಟ್ಟದೆ ಬಂದ ದಾರಿಯಲ್ಲೇ ಹಿಂದಿರುಗಿ, ದೂರ ಹೋಗಿ 112ಕ್ಕೆ ತಿಳಿಸಿ.